ಕಡೆಯ ಬಸ್ಸಿನ ವಿಮರ್ಶಕ

ಕಾವ್ಯಕ್ಕೆ ಲಕ್ಷಣ ಹೇಳಿದ ಆಚಾರ್ಯರಲ್ಲಿ ಆನಂದವರ್ಧನನು ಕಾಶ್ಮೀರದವನೆಂದೂ ದಂಡಿಯು ಕಾಂಚಿಯವನೆಂದೂ ಪಂಡಿತರು ಬರೆದಿಟ್ಟಿರುವರು. ಚಲಚ್ಚಿತ್ರಕ್ಕೆ ಲಕ್ಷಣ ಹೇಳುವ ಆಚಾರ್ಯರು ಶಿಕಾರಿಪುರದ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಚಹದಂಗಡಿಯ ಬೆಂಚಿನ ಮೇಲೆ ಆಸೀನರಾಗಿ, ಅನಂತರ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೊರಡುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿದು, ಇಳಿಯುವ ತನಕವೂ ಉಪನ್ಯಾಸವನ್ನು ಮುಂದುವರಿಸುತ್ತ ಹೋಗುವರೆಂಬುದನ್ನು ಮಾತ್ರ ಯಾರೂ ಬರೆದಿಟ್ಟಂತೆ ಕಾಣೆ. ಆ ಲೋಪವನ್ನು ಯಥಾಶಕ್ತಿ ತುಂಬುವುದಕ್ಕಾಗಿ ಈ ಬರಹ.

ಆಚಾರ್ಯರ ಹೆಸರನ್ನು ಹೇಳುವ ಗೊಡವೆಗೆ ನಾನು ಹೋಗುವುದಿಲ್ಲ. ಹೇಳಿದರೆ, ಎರಡೂ ತಾಲ್ಲೂಕುಗಳಲ್ಲಿ ಹೋಬಳಿಗೊಬ್ಬರಂತೆ ಇರುವ ಅವರ ಸಮಾನಧರ್ಮರು, ಕೀರ್ತಿಯೆಲ್ಲ ಒಬ್ಬನಿಗೇ ಸಂದಿತೆಂದು ನೊಂದುಕೊಂಡಾರು. ಅವರನ್ನು ರಸಿಕರೆಂದು ಕರೆಯೋಣ. ರಸಿಕರು ಸಹಕಾರ ಸಂಘವೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅರ್ಧ ಎಕರೆ ಅಡಿಕೆ, ಅದರ ಬದಿಯಲ್ಲಿ ಕಾಡಿಗೆ ತಾಗಿದಂತೆ ತಂದೆಯ ಕಾಲದಿಂದ ಉಳುತ್ತ ಬಂದ ಒಂದಿಷ್ಟು ಬಗರ್ ಹುಕುಂ ಜಮೀನು, ಇಷ್ಟು ಅವರ ಸ್ಥಿರಾಸ್ತಿ. ಚರಾಸ್ತಿಯೆಂದರೆ ಕಂಕುಳಲ್ಲಿ ಸದಾ ನೆಲಸಿರುವ ಒಂದು ರೆಕ್ಸಿನ್ ಚೀಲ. ಅದರೊಳಗೆ ಆ ಜಮೀನನ್ನು ಸಕ್ರಮ ಮಾಡಿಕೊಡಬೇಕೆಂದು ಸಲ್ಲಿಸಿದ ಅರ್ಜಿಗಳ ನಕಲುಗಳೂ ಹಳೆಯ ರೂಪತಾರಾ, ವಿಜಯಚಿತ್ರಗಳಿಂದ ಕತ್ತರಿಸಿದ ಪುಟಗಳೂ ಇರುವುವು. ಈ ಎರಡು ಬಗೆಯ ಕಾಗದಗಳು ವರ್ಷಾನುಗಟ್ಟಲೆ ಒಂದೇ ಚೀಲದಲ್ಲಿ ಸಹವಾಸ ಮಾಡಿದುದರಿಂದಲೋ ಏನೋ, ರಸಿಕರ ಕಾಲಗಣನೆಯಲ್ಲಿ ಅವು ಬೆರೆತುಹೋಗಿವೆ. ‘ಶಾಂತಿ ಕ್ರಾಂತಿ’ ಬಂದದ್ದು ಯಾವಾಗ ಎಂದು ಕೇಳಿದರೆ “ಫಾರಂ ಐವತ್ತು ಹಾಕಿದ ವರ್ಷ” ಎನ್ನುವರು. ಅದು 1991 ಎಂದು ಕೇಳಿದವರು ತಿಳಿದುಕೊಳ್ಳಬೇಕು. ರವಿಚಂದ್ರನ್ ಅವರು ಆ ಚಿತ್ರಕ್ಕೆ ಸುರಿದ ಹಣವೂ ತಾವು ಆ ಅರ್ಜಿಯ ಹಿಂದೆ ಓಡಾಡಿದ ಬಸ್ ಚಾರ್ಜೂ ಮರಳಿ ಬರಲಿಲ್ಲವೆಂಬ ಸಾಮ್ಯವನ್ನು ಅವರೇ ಎತ್ತಿ ತೋರಿಸುವರು. ಉಪೇಂದ್ರರ ‘ಎ’ ಫಾರಂ ಐವತ್ತಮೂರರ ಕಾಲದ್ದು, ಎಂದರೆ 1998. ಎರಡೂ ಮೊದಲ ಸಲಕ್ಕೆ ತಲೆಬುಡ ತಿಳಿಯಲಿಲ್ಲವಂತೆ. ಫಾರಂ ಐವತ್ತೇಳು ಬಂದ 2018ರಲ್ಲಿ ‘ಕೆ.ಜಿ.ಎಫ್.’ ಬಂದಿತು. “ಅಷ್ಟು ಕತ್ಲಾಗೆ ಯಾರು ಯಾರಿಗೆ ಹೊಡೆದ್ರು ಅಂತ ಗೊತ್ತಾಗ್ಲಿಲ್ರೀ, ಆದ್ರೆ ಎಲ್ಲಾರಿಗೂ ಬಿತ್ತು” ಎಂಬುದು ಅದರ ಮೇಲೆ ಅವರು ಕೊಟ್ಟ ಸಂಪೂರ್ಣ ವಿಮರ್ಶೆ. ಪತ್ರಿಕೆಗಳಲ್ಲಿ ಅದೇ ಅಭಿಪ್ರಾಯವನ್ನು ಅರ್ಧ ಪುಟದಷ್ಟು ಬೆಳೆಸಿದ್ದನ್ನು ನಾನು ಓದಿದ್ದೇನೆ, ಇಷ್ಟು ಸ್ಪಷ್ಟವಾಗಿರಲಿಲ್ಲ.

ರಸಿಕರ ವಿದ್ಯಾಭ್ಯಾಸ ನಡೆದದ್ದು ಟೂರಿಂಗ್ ಟಾಕೀಸಿನ ಗುರುಕುಲದಲ್ಲಿ. ಮಳೆಗಾಲ ಕಳೆದು ಗದ್ದೆ ಕೊಯ್ಲಾಗುವ ಹೊತ್ತಿಗೆ ಡೇರೆ ಏಳುವುದು, ಮುಂಗಾರಿನ ಮೊದಲ ಗುಡುಗಿಗೆ ಮಡಚಿಕೊಂಡು ಹೋಗುವುದು. ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ವೆಂಕಟೇಶನ ಮೇಲಣ ಭಕ್ತಿಗೀತೆ ಮೊಳಗಿದರೆ, ಆಟಕ್ಕೆ ಇನ್ನೇನು ಹೊತ್ತಾಯಿತೆಂದು ಸುತ್ತಲಿನ ಹಳ್ಳಿಗಳವರು ಉಣ್ಣುವ ತಟ್ಟೆಯನ್ನೇ ಸರಿಸಿ ಏಳುವರು. ಯಂತ್ರ ಒಂದೇ ಆದುದರಿಂದ ಸುರುಳಿ ಬದಲಿಸುವಾಗಲೆಲ್ಲ ದೀಪ ಹೊತ್ತುವುದು, ಒಂದು ಚಿತ್ರಕ್ಕೆ ಮೂರು ನಾಲ್ಕು ವಿರಾಮಗಳಾಗುವುವು. ಆ ವಿರಾಮಗಳಲ್ಲಿ ನೆಲದವರೂ ಬೆಂಚಿನವರೂ ಕುರ್ಚಿಯವರೂ ಪರಸ್ಪರ ನೋಡಿಕೊಂಡು, ಇಲ್ಲಿಯವರೆಗಿನ ಕಥೆಯ ನ್ಯಾಯಾನ್ಯಾಯಗಳನ್ನು ಇತ್ಯರ್ಥ ಮಾಡಿಕೊಂಡು, ಮುಂದೆ ಏನಾಗತಕ್ಕದ್ದೆಂದು ನಿರ್ಣಯವನ್ನೂ ಮಾಡಿಬಿಡುವರು. ಮುಂದೆ ಹಾಗೆ ಆಗದಿದ್ದರೆ ತಪ್ಪು ನಿರ್ದೇಶಕರದು. ರಸಿಕರು ಆ ವಿರಾಮಗಳ ಸಂತಾನ. ಎರಡೂವರೆ ಗಂಟೆಗೆ ಒಂದೇ ಒಂದು ವಿರಾಮ ಕೊಡುವ ಇಂದಿನ ಪದ್ಧತಿಯ ಮೇಲೆ ಅವರಿಗಿರುವ ಮುಖ್ಯ ಆಕ್ಷೇಪ, ಪ್ರೇಕ್ಷಕನಿಗೆ ತನ್ನ ಅಭಿಪ್ರಾಯವನ್ನು ಹೇಳುವುದಕ್ಕೆ ಪುರುಸೊತ್ತಿಲ್ಲವೆಂಬುದು. ಪುರುಸೊತ್ತಿಗಾಗಿ ಕಾಯದೆ ಚಿತ್ರ ನಡೆಯುತ್ತಿರುವಾಗಲೇ ಹೇಳುವರೆಂಬುದು ಅವರ ಪಕ್ಕದಲ್ಲಿ ಕುಳಿತವರ ಆಕ್ಷೇಪ.

ಅವರ ಪ್ರಕಾರ ಜಗತ್ತಿನ ಚಿತ್ರಗಳೆಲ್ಲವೂ ಕೆಲವೇ ಪಂಗಡಗಳಿಗೆ ಸೇರತಕ್ಕವು: ದೇವರದು, ರಾಜರದು, ಪತ್ತೇದಾರಿಯದು, ದೆವ್ವದ್ದು, ಹಾವಿನದು, ಕಾಡಿನದು, ಮಿಕ್ಕವೆಲ್ಲ ‘ಮನೆಕಡೇದು’, ಅವಕ್ಕೆ ಕರವಸ್ತ್ರ ಒಯ್ಯಬೇಕು. ಚಿತ್ರವು ತನ್ನ ಪಂಗಡವನ್ನು ಪೋಸ್ಟರಿನಲ್ಲಿಯೇ ಒಪ್ಪಿಕೊಂಡು ಕಡೆಯವರೆಗೂ ಅದಕ್ಕೆ ನಿಷ್ಠವಾಗಿರಬೇಕು. ಈ ನಿಯಮ ಭಂಗವಾದ ಮೊದಲ ಪ್ರಸಂಗವು ಅವರ ಬಾಲ್ಯಕ್ಕೆ ಸೇರಿದ್ದು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಕಂಡು ಕೆಲಕಾಲಾನಂತರ ಡೇರೆಗೆ ಬಂದಾಗ, ಹೆಸರನ್ನು ನಂಬಿದ ಹುಡುಗನು ಹಾವು ಈಗ ಬಂದೀತು ಆಗ ಬಂದೀತೆಂದು ನೆಲದ ಮೇಲೆ ಮೊಣಕಾಲು ಮಡಚಿ ಕಾದನಂತೆ. ಬಂದವನು ವಿಷ್ಣುವರ್ಧನನೆಂಬ ಕೆಂಗಣ್ಣಿನ ತರುಣ, ಕಂಡದ್ದು ಚಿತ್ರದುರ್ಗದ ಕೋಟೆ. ತ.ರಾ.ಸು. ಅವರ ಕಾದಂಬರಿಗಳಲ್ಲಿಯೇ ಆ ಹಾವು ಮನುಷ್ಯಸ್ವಭಾವವಾಗಿದ್ದಿತೆಂಬ ಸಮಾಧಾನವನ್ನು ಅವರು ಇಂದಿಗೂ ಒಪ್ಪರು. ನಲವತ್ತನಾಲ್ಕು ವರ್ಷಗಳ ಮೇಲೆ, 2016ರಲ್ಲಿ, ಅದೇ ಹೆಸರಿನ ಇನ್ನೊಂದು ಚಿತ್ರ ಬಂದು, ಅದರಲ್ಲಿ ಹೆಸರಿಗೆ ತಕ್ಕ ಹಾವೂ ಬಂದಿತು. ಆದರೆ ಅಷ್ಟು ಹೊತ್ತಿಗೆ ವಿಷ್ಣುವರ್ಧನರು ತೀರಿಕೊಂಡು ಏಳು ವರ್ಷವಾಗುತ್ತ ಬಂದಿದ್ದು, ಅವರ ರೂಪವನ್ನು ಗಣಕಯಂತ್ರದಿಂದ ಸೃಷ್ಟಿಸಿ ತೋರಿಸಿದರು. “ಮನ್ಷ ಇದ್ದಾಗ ಹಾವಿಲ್ಲ, ಹಾವು ಬಂದಾಗ ಮನ್ಷ ಇಲ್ಲ. ಎರಡೂ ಸಲ ಟಿಕೀಟು ಮಾತ್ರ ನಂದು.” ಇದನ್ನು ಹೇಳುವಾಗ ಅವರ ಸ್ವರದಲ್ಲಿ ತುಂಬಿದ ನೋವು ಕೃತಕವಲ್ಲ.

ಪತ್ತೇದಾರಿ ಚಿತ್ರಗಳ ವಿಷಯದಲ್ಲಿ ರಸಿಕರು ಕಠಿಣರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಒಳಗಿಟ್ಟು ಓದಿದ ಪೀಳಿಗೆ ಅದು. ದೊರೈ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯ ಮೂಲಕ ರಾಜಕುಮಾರರನ್ನು ಸಿ.ಐ.ಡಿ. 999 ಆಗಿಸಿದಾಗ, ಭಕ್ತ ಕನಕದಾಸನನ್ನು ಕಂಡು ಕೈಮುಗಿದಿದ್ದ ಹಳ್ಳಿಗರು ಅದೇ ಪುಣ್ಯಪುರುಷನು ಸೂಟು ಧರಿಸಿ ಪಿಸ್ತೂಲು ಹಿಡಿದುದನ್ನು ಕಂಡು ಮೊದಲು ಅಪ್ರತಿಭರಾಗಿ, ಬಳಿಕ ಸುಧಾರಿಸಿಕೊಂಡು, ಅದಕ್ಕೂ ಕೈಮುಗಿದರಂತೆ. ಪತ್ತೇದಾರನೆಂದರೆ ಹೀಗೆ ಸೂಟಿನಲ್ಲಿರಬೇಕು. ‘ಬೆಲ್ ಬಾಟಂ’ ಚಿತ್ರದಲ್ಲಿ ಪೇದೆಯೂ, ‘ಕವಲುದಾರಿ’ಯಲ್ಲಿ ವಾಹನಸಂಚಾರದ ಪೊಲೀಸನೂ ರಹಸ್ಯಭೇದನಕ್ಕೆ ಹೊರಡುವುದು ಅವರಿಗೆ ಸಮ್ಮತವಲ್ಲ, ಎರಡೂ 2019ರಲ್ಲಿಯೇ ಬಂದುದರಿಂದ, ಆ ವರ್ಷ ಇಲಾಖೆಯಲ್ಲಿ ಏನೋ ಏರುಪೇರಾಗಿರಬೇಕೆಂಬ ಸಂದೇಹವೂ ಇದೆ. “ಟ್ರಾಫಿಕ್ ಪೊಲೀಸಿನವ ಕೊಲೆ ಹುಡುಕಾಕೆ ಹೊಂಟ್ರೆ ರಸ್ತೇಲಿ ಲಾರಿ ಯಾರು ನೋಡ್ತಾರ್ರೀ?” ಎಂಬ ಅವರ ಪ್ರಶ್ನೆಗೆ ಆಡಳಿತದೃಷ್ಟಿಯಿಂದ ಉತ್ತರವಿಲ್ಲ. ಈ ಪಂಗಡದಲ್ಲಿ ಅವರು ಮನಸಾರೆ ಹೊಗಳುವುದು ಸುನಿಲ್ ಕುಮಾರ್ ದೇಸಾಯಿಯವರ ‘ತರ್ಕ’ವನ್ನು. 1989ರ ಆ ಚಿತ್ರದಲ್ಲಿ ಹಾಡೇ ಇಲ್ಲ. ಹಾಡು ಬಂದಾಗ ಬೀಡಿಗೆಂದು ಎದ್ದುಹೋಗುವ ವ್ರತವಿದ್ದ ರಸಿಕರು ಅಂದು ಏಳುವುದಕ್ಕೆ ಅವಕಾಶವಿಲ್ಲದೆ ಕುಳಿತೇ ಇದ್ದು, ಜೀವಮಾನದಲ್ಲಿ ಒಂದು ಚಿತ್ರದ ಕಥೆಯನ್ನು ಅವಿಚ್ಛಿನ್ನವಾಗಿ ತಿಳಿದುಕೊಂಡರು.

ದೆವ್ವಗಳ ಮಾತಿಗೆ ಬಂದರೆ, 1979ರ ‘ನಾ ನಿನ್ನ ಬಿಡಲಾರೆ’ಯೊಂದೇ ಪ್ರಮಾಣಗ್ರಂಥ. ಅದರಲ್ಲಿ ದೆವ್ವ ದೆವ್ವವೇ. ಅದನ್ನು ಬಿಡಿಸುವುದಕ್ಕೆ ಮಂತ್ರಾಲಯದ ರಾಯರೇ ಬೇಕು. ಹಿಡಿದದ್ದು ಯಾರು, ಬಿಡಿಸಿದ್ದು ಯಾರು ಎಂಬುದರಲ್ಲಿ ಗೊಂದಲವಿಲ್ಲ. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯನ್ನು ಕಂಡು ಬೆವರಿದವರಿಗೆ ವೈದ್ಯರು ಬಂದು ಅದು ಮನೋರೋಗವೆಂದು ವಿವರಿಸಿದ್ದು ಅವರಿಗೆ ವಿಶ್ವಾಸದ್ರೋಹವಾಗಿ ಕಂಡಿತು, ಹೆದರಿದ್ದಕ್ಕೆ ಕಾರಣವಿಲ್ಲವೆಂದು ಹೆದರಿದ ಮೇಲೆ ಹೇಳುವುದು ಯಾವ ನ್ಯಾಯ? ‘6-5=2’ ಎಂಬ ಲೆಕ್ಕದ ಹೆಸರಿನ 2013ರ ಚಿತ್ರದಲ್ಲಿ ಪಶ್ಚಿಮಘಟ್ಟದ ಚಾರಣಿಗರು ತಾವೇ ತೆಗೆದ ಚಿತ್ರಸುರುಳಿ ಕಾಡಿನಲ್ಲಿ ಸಿಕ್ಕಿತೆಂಬ ಕಟ್ಟುಕಥೆಯನ್ನು ರಸಿಕರು ಅಕ್ಷರಶಃ ನಂಬಿ, ಆನವಟ್ಟಿಯ ದಾರಿಯಲ್ಲಿ ಬೈಕಿನ ಹಿಂದೆ ಕುಳಿತವನಂತೆ ಮೇಲಕ್ಕೂ ಕೆಳಕ್ಕೂ ಕುಲುಕುವ ಆ ಛಾಯಾಗ್ರಹಣವನ್ನು ಕ್ಷಮಿಸಿದರು. “ಸಾಯಾ ಹೊತ್ನಾಗೆ ಕೈ ನಡುಗದೆ ಇರ್ತತಾ?”

ಒಂದು ಸಂಗತಿಯನ್ನು ಅವರು ಹೊಸ ನಿರ್ದೇಶಕರ ಮೇಲೆ ಬ್ರಹ್ಮಾಸ್ತ್ರವಾಗಿ ಪ್ರಯೋಗಿಸುವರು. ಅದು ನಿಜವೂ ಹೌದು. ಕಾಡಿನ ‘ಗಂಧದ ಗುಡಿ’ 1973ರಲ್ಲಿ, ದೇವರ ‘ಶ್ರೀ ಶ್ರೀನಿವಾಸ ಕಲ್ಯಾಣ’ ಮರುವರ್ಷ, ರಾಜರ ‘ಮಯೂರ’ ಅದರ ಮರುವರ್ಷ, ಕಡೆಗೆ ಮೇಲೆ ಹೇಳಿದ ದೆವ್ವ, ಇವೆಲ್ಲವನ್ನೂ ನಿರ್ದೇಶಿಸಿದವರು ವಿಜಯ್ ಒಬ್ಬರೇ. ಈಗಿನವರು ಒಂದು ಚಿತ್ರಕ್ಕೆ ಮೂರು ವರ್ಷ ಗಡ್ಡ ಬಿಡುವರು. ಗಡ್ಡಕ್ಕೂ ನಿರ್ದೇಶನಕ್ಕೂ ಇರುವ ಸಂಬಂಧವನ್ನು ಅವರು ವಿವರಿಸಿಲ್ಲ, ನಾನೂ ಕೇಳಲಿಲ್ಲ. ಏಕೆಂದರೆ ‘ಮಯೂರ’ದ ಹೆಸರೆತ್ತಿದ ಕ್ಷಣದಿಂದ ರಸಿಕರನ್ನು ತಡೆಯುವುದು ಯಾರಿಗೂ ಸಾಧ್ಯವಿಲ್ಲ.

ಕಾರಣವೇನೆಂದರೆ, ಆ ಚಿತ್ರದ ನಾಯಕನು ಅವರ ತಾಲ್ಲೂಕಿನವನು. ಶಿರಾಳಕೊಪ್ಪದ ಸಮೀಪದ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಂಬದ ಮೇಲೆ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿಯು ಸಂಸ್ಕೃತ ಪದ್ಯಗಳಲ್ಲಿ ಆ ವಂಶದ ಮೂಲವನ್ನು ಕೊರೆಯಿಸಿರುವನು. ತಾಳಗುಂದದ ವಿಪ್ರಕುಲದ ಮಯೂರಶರ್ಮನು ಗುರು ವೀರಶರ್ಮನೊಡನೆ ಕಾಂಚಿಯ ಘಟಿಕಾಸ್ಥಾನಕ್ಕೆ ವಿದ್ಯಾರ್ಥಿಯಾಗಿ ಹೋದನು. ಅಲ್ಲಿ ಪಲ್ಲವರ ರಾವುತನೊಬ್ಬನೊಡನೆ ಕಲಹವಾಯಿತು. ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನು. ಶ್ರೀಪರ್ವತದವರೆಗಿನ ದುರ್ಗಮಾರಣ್ಯವನ್ನು ಆಕ್ರಮಿಸಿ ಕುಳಿತು ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದನು. ಅವನನ್ನು ಎಬ್ಬಿಸಲಾರದ ಪಲ್ಲವರು ಕಟ್ಟಕಡೆಗೆ ಪಶ್ಚಿಮ ಸಮುದ್ರದಿಂದಾರಂಭಿಸಿದ ಸೀಮೆಯನ್ನು ಅವನಿಗೇ ಬಿಟ್ಟು ಪಟ್ಟ ಕಟ್ಟಿದರು. ವಿದ್ವಾಂಸರು ಇದನ್ನು ಕರ್ನಾಟಕದ ಪ್ರಥಮ ಸ್ವತಂತ್ರ ರಾಜ್ಯದ ಉದಯವೆನ್ನುವರು. ರಸಿಕರು ಕಂಬವನ್ನು ಎರಡು ಸುತ್ತು ಸುತ್ತಿ, ಯಾರೋ ಅಧ್ಯಾಪಕರಿಂದ ಅರ್ಥ ಹೇಳಿಸಿಕೊಂಡು, ಚೀಲವನ್ನು ಕಂಕುಳಿಂದ ಕೈಗೆ ತೆಗೆದುಕೊಂಡು ಹೇಳಿದ್ದು ಇಷ್ಟು: “ಹುಕುಂ ಇಲ್ದೆ ಕಾಡು ಹೊಡೆದ. ಹದಿನಾರು ನೂರು ವರ್ಷದ ಹಿಂದೆ, ಸಕ್ರಮ ಆತು. ಫಾರಮ್ಮೂ ಇಲ್ಲ, ಕಮಿಟಿನೂ ಇಲ್ಲ.”

ಈ ದೃಷ್ಟಿಯಿಂದ ಅವರು ಚಿತ್ರದಲ್ಲಿ ಕಂಡ ದೋಷವು ಸೂಕ್ಷ್ಮವಾದುದು. ದೇವುಡು ಅವರ ಕಾದಂಬರಿಯನ್ನು ಅನುಸರಿಸಿದ ಆ ಚಿತ್ರದಲ್ಲಿ ಬ್ರಾಹ್ಮಣವಟುವಾಗಿ ಬೆಳೆದ ಮಯೂರನು ತಾನು ಹುಟ್ಟಿನಿಂದಲೇ ಕದಂಬ ರಾಜಕುಮಾರನೆಂದು ತಿಳಿದುಕೊಳ್ಳುವನು. ಕಂಬದ ಮೇಲೆ ಆ ಮಾತಿಲ್ಲ. “ಪಿಚ್ಚರಿನಾಗೆ ಅವನ ಹೆಸರಿಗೆ ಮೊದ್ಲೇ ಪಹಣಿ ಇತ್ತು ಅಂತ ಮಾಡಿದಾರೆ. ಪಹಣಿ ಇದ್ದವ ಗೆದ್ರೆ ಅದೇನು ದೊಡ್ಡಸ್ತಿಕೆ?” ಕಾದಂಬರಿಕಾರನ ಕಲ್ಪನೆಗೂ ಶಾಸನದ ವಸ್ತುವಿಗೂ ಇರುವ ಅಂತರವನ್ನು ಇಷ್ಟು ಸರಳವಾಗಿ ಹೇಳಿದ ಇತಿಹಾಸದ ಅಧ್ಯಾಪಕರನ್ನು ನಾನು ಕಂಡಿಲ್ಲ. ಹಾಗೆಂದು ಚಿತ್ರವನ್ನು ಅವರು ಕಡೆಗಣಿಸುವುದಿಲ್ಲ. ರಾಜಕುಮಾರರ ಕಿರೀಟ ಕಂಡರೆ ಈಗಲೂ ಕುಳಿತಲ್ಲಿಯೇ ಬೆನ್ನು ನೆಟ್ಟಗೆ ಮಾಡುವರು. ಪಕ್ಕದ ಬಳ್ಳಿಗಾವಿಯ ಅಲ್ಲಮನ ಮೇಲೆ ನಾಗಾಭರಣರು ತೆಗೆದ ಚಿತ್ರವನ್ನು ಮಾತ್ರ, ಪ್ರಭುದೇವರು ಜಮೀನಿನ ತಂಟೆಗೆ ಹೋದವರಲ್ಲವಾಗಿ, ಗೌರವದಿಂದ ದೂರವಿಟ್ಟಿದ್ದಾರೆ.

ಬಸ್ಸು ಶಿರಾಳಕೊಪ್ಪ ದಾಟಿ ಸೊರಬ ತಾಲ್ಲೂಕನ್ನು ಪ್ರವೇಶಿಸುವಾಗ ರಸಿಕರ ವಿಮರ್ಶಾಪದ್ಧತಿಯಲ್ಲಿ ಒಂದು ಮಾರ್ಪಾಟು ಉಂಟಾಗುವುದನ್ನು ಹೇಳದಿದ್ದರೆ ಚಿತ್ರ ಅಪೂರ್ಣವಾದೀತು. ಕುಬಟೂರಿನ ಬಂಗಾರಪ್ಪನವರ ಮಗಳನ್ನು ಶಿವರಾಜಕುಮಾರರು ವಿವಾಹವಾದದ್ದು 1986ರಲ್ಲಿ, ಅವರು ನಾಯಕರಾದ ಮೊದಲ ಚಿತ್ರ ‘ಆನಂದ್’ ಬಂದ ವರ್ಷವೇ; ಅಂದಿನಿಂದ ಆ ನಟರು ರಾಜ್ಯಕ್ಕೆಲ್ಲ ಶಿವಣ್ಣನಾದರೂ ಸೊರಬಕ್ಕೆ ಅಳಿಯಂದಿರು. ಬಂಗಾರಪ್ಪನವರು ಮುಖ್ಯಮಂತ್ರಿಗಳಾದ 1990ರಲ್ಲಿ ಅವರ ಮಗ ಕುಮಾರ್ ಬಂಗಾರಪ್ಪನವರು ಸಿ.ಆರ್. ಸಿಂಹರ ನಿರ್ದೇಶನದಲ್ಲಿ ‘ಅಶ್ವಮೇಧ’ದ ಕುದುರೆ ಏರಿದರು. ಹೀಗೆ ಬೀಗತನವೂ ರಾಜಕಾರಣವೂ ಕುದುರೆಯೂ ಸೇರಿದ ನೆಲದಲ್ಲಿ ಅಭಿಪ್ರಾಯ ಹೇಳುವವನು ಗಡಿಕಲ್ಲನ್ನು ನೋಡಿಕೊಂಡು ಹೇಳಬೇಕಾಗುವುದು. ಉಪೇಂದ್ರರು 1995ರಲ್ಲಿ ಆ ಅಳಿಯಂದಿರನ್ನೇ ನಾಯಕರನ್ನಾಗಿಸಿ ತೆಗೆದ ‘ಓಂ’ ಎಂಬ ಚಿತ್ರವು ಹುಡುಗರ ಕೈಗೆ ಮಚ್ಚು ಕೊಟ್ಟು ಕನ್ನಡ ಚಿತ್ರರಂಗವನ್ನು ಮೂವತ್ತು ವರ್ಷ ಹಿಂದಕ್ಕೆ ತಳ್ಳಿತೆಂದು ಶಿಕಾರಿಪುರದಲ್ಲಿ ಆರಂಭವಾದ ವಾಕ್ಯವು, ಸೊರಬದ ಸೀಮೆಯಲ್ಲಿ “ಆದ್ರೂ ಅಂಥಾ ಪಿಚ್ಚರು ಮತ್ತೆ ಬರ್ಲಿಲ್ಲ ಬಿಡ್ರಿ, ಎಷ್ಟು ಸಲ ಬಿಡುಗಡೆ ಮಾಡಿದ್ರೂ ಜನ ಬಂದ್ರು” ಎಂದು ಮುಕ್ತಾಯವಾಗುವುದು. ಇದನ್ನು ಅವಕಾಶವಾದವೆಂದು ಜರೆಯುವವರು ಜರೆಯಲಿ. ಎರಡೂ ಅಭಿಪ್ರಾಯಗಳಿಗೆ ಆಧಾರವಿದೆ; ಒಂದೇ ಬಸ್ಸಿನಲ್ಲಿ ಎರಡನ್ನೂ ಹೇಳಿ ಮುಗಿಸುವಷ್ಟು ಸಮಯಪ್ರಜ್ಞೆ ಬೇರೆ ವಿಮರ್ಶಕರಿಗಿಲ್ಲ.

ಕಾಡಿನ ಪಂಗಡದಲ್ಲಿ ಹಳತಕ್ಕೂ ಹೊಸತಕ್ಕೂ ಅವರು ಮಾಡುವ ಹೋಲಿಕೆಯನ್ನು ನಾನು ಕೊಂಚ ವಿಸ್ತಾರವಾಗಿಯೇ ಹೇಳಬೇಕು. ‘ಗಂಧದ ಗುಡಿ’ಯಲ್ಲಿ ನಾಯಕನು ಅರಣ್ಯಾಧಿಕಾರಿ, ಕಾಡನ್ನು ದೋಚುವವರು ಖಳರು. ಡೇರೆಯ ನೆಲದ ಮೇಲೆ ಕುಳಿತು ಅದನ್ನು ನೋಡಿದ ಹುಡುಗನ ಹೆಸರಿಗೆ ಆಗ ಒಂದು ಗುಂಟೆಯೂ ಇರಲಿಲ್ಲ, ಉಳುಮೆಯ ಚಿಂತೆಯೆಲ್ಲ ತಂದೆಯದು; ಅವನು ಪೂರ್ಣಮನಸ್ಸಿನಿಂದ ಅರಣ್ಯ ಇಲಾಖೆಯ ಪಕ್ಷ ವಹಿಸಿ ಶಿಳ್ಳೆ ಹೊಡೆದನು. ಏಳು ವರ್ಷಗಳಲ್ಲಿ, 1980ರಲ್ಲಿ, ಕೇಂದ್ರದ ಅರಣ್ಯ ಸಂರಕ್ಷಣಾ ಕಾಯಿದೆ ಬಂದಿತು. ಕಾಡೆಂದು ಬರೆದ ನೆಲವನ್ನು ಬೇರೆ ಕಾರ್ಯಕ್ಕೆ ಕೊಡಬೇಕಾದರೆ ದೆಹಲಿಯ ಸಮ್ಮತಿ ಬೇಕೆಂದಾಯಿತು. ಉಳುವವರಿಗೆ ತಮ್ಮ ನೆಲ ಕಾಡೋ ಕಂದಾಯವೋ ಎಂಬುದೇ ಪ್ರಶ್ನೆಯಾಯಿತು. ತಂದೆಯ ತರುವಾಯ ಚೀಲ ರಸಿಕರ ಕಂಕುಳಿಗೆ ಬಂದಿತು. 2022ರಲ್ಲಿ ರಿಷಬ್ ಶೆಟ್ಟರ ‘ಕಾಂತಾರ’ವನ್ನು ಶಿವಮೊಗ್ಗೆಯ ಚಿತ್ರಮಂದಿರದಲ್ಲಿ ನೋಡುವಾಗ, ತೆರೆಯ ಮೇಲೆ ಅದೇ ಖಾಕಿ, ಅದೇ ಕಾಡು, ಅದೇ ಗಡಿಕಲ್ಲು, ಆದರೆ ನಾಯಕನು ಬೇಲಿಯಾಚೆಗೆ ದಾಟಿಬಿಟ್ಟಿದ್ದನು. ಖಾಕಿ ತೊಟ್ಟವನು ಅವನೆದುರು ನಿಂತಿದ್ದನು. “ರಾಜಕುಮಾರ್ ಇದ್ದ ಕಡೆ ಈಗ ಆಫೀಸರ್ ಒಬ್ನೇ ನಿಂತಾನೆ, ಹೀರೋ ನಮ್ ಕಡೆ ಬಂದಾನೆ” ಎಂದು ಅವರು ಸಭಾಂಗಣದಲ್ಲಿ ಉಚ್ಚಸ್ವರದಿಂದ ಘೋಷಿಸಿದಾಗ ಹಿಂದಿನ ಸಾಲಿನವರು ಸುಮ್ಮನಿರುವಂತೆ ಪ್ರಾರ್ಥಿಸಿದರಂತೆ. ಆ ಚಿತ್ರದಲ್ಲಿ ಭೂತಕೋಲವಿದೆ, ರಾಜನಿದ್ದಾನೆ, ಪ್ರೇಮವಿದೆ, ಕೊಲೆಯ ಪತ್ತೆಯೂ ಇದೆ. ತಮ್ಮ ಪಂಗಡಗಳ ನಿಯಮವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಮುರಿದ ಕೃತಿಯನ್ನು ಅವರು ಒಂದು ಮಾತೂ ಅನ್ನದೆ ಒಪ್ಪಿಕೊಂಡುದು ಈ ಒಂದು ಕಾರಣದಿಂದ.

ಆದರೆ ಅದರ ಅಂತ್ಯವನ್ನು ಅವರು ನೋಡಲಿಲ್ಲ. ಶಿವಮೊಗ್ಗೆಯಲ್ಲಿ ನೋಡಿದ ಯಾವ ಚಿತ್ರದ ಅಂತ್ಯವನ್ನೂ ಅವರು ನೋಡಿದವರಲ್ಲ. ಊರಿಗೆ ಕಡೆಯ ಬಸ್ಸು ಹೊರಡುವ ವೇಳೆಗೂ ಕಥೆ ಮುಗಿಯುವ ವೇಳೆಗೂ ಯಾವತ್ತೂ ಸರಿಹೊಂದದು. ಹೀಗಾಗಿ ಅವರು ಹೇಳುವ ಅಂತ್ಯಗಳೆಲ್ಲ ನಿಲ್ದಾಣಕ್ಕೆ ಓಡುತ್ತ, ಸೀಟು ಹಿಡಿಯುತ್ತ, ಅವರೇ ಕಲ್ಪಿಸಿಕೊಂಡವು. ಕಡೆಯ ಇಪ್ಪತ್ತು ನಿಮಿಷಗಳಿಗಾಗಿಯೇ ನಾಡೆಲ್ಲ ಮತ್ತೆ ಮತ್ತೆ ನೋಡಿದ ‘ಕಾಂತಾರ’ವು ರಸಿಕರ ಪಾಠದಲ್ಲಿ, ಆ ಉಪವಲಯ ಅರಣ್ಯಾಧಿಕಾರಿಯು ಸರ್ವೆ ಮಾಡಿಸಿ ಹಕ್ಕುಪತ್ರ ಹಂಚುವಲ್ಲಿಗೆ ಮಂಗಳವಾಗುವುದು. ಆನವಟ್ಟಿಯ ಕಡೆಯ ವಿದ್ಯಾರ್ಥಿಯೊಬ್ಬನು ಒಮ್ಮೆ ಬಸ್ಸಿನಲ್ಲಿ ಮೊಬೈಲನ್ನು ಹಿಡಿದು, ದೈವ ಬಂದದ್ದನ್ನೂ, ಅಧಿಕಾರಿ ಊರವರೊಡನೆ ಕೈಸೇರಿಸಿದ್ದನ್ನೂ, ನಾಯಕನು ಕಾಡಿನಲ್ಲಿ ಮಾಯವಾದದ್ದನ್ನೂ ತೋರಿಸಿದನು. ರಸಿಕರು ಕನ್ನಡಕ ಏರಿಸಿ ಕಡೆಯವರೆಗೂ ನೋಡಿದರು.

“ಕೈ ಹಿಡಿದ್ರು, ಸರಿ. ಹಕ್ಕುಪತ್ರ ಎಲ್ಲಿ ಕೊಟ್ರು?”

ಹುಡುಗನು ಹಿಂದಕ್ಕೂ ಮುಂದಕ್ಕೂ ಸರಿಸಿ ಹುಡುಕಿ, ಅಂಥ ದೃಶ್ಯವಿಲ್ಲವೆಂದು ಒಪ್ಪಿಕೊಂಡನು.

“ಹಂಗಾರೆ ಪಿಚ್ಚರ್ ಮುಗಿದಿಲ್ಲ. ಎರಡನೇ ಪಾರ್ಟ್ ಬರ್ತತೆ, ಅದ್ರಾಗೆ ಕೊಡ್ತಾರೆ.”

ಬಂದಿತು, 2025ರ ಅಕ್ಟೋಬರ್ ತಿಂಗಳಲ್ಲಿ. ಆದರೆ ಬಂದದ್ದು ಕಥೆಯ ಮುಂದಿನ ಭಾಗವಾಗಿರದೆ, ಕದಂಬರ ಕಾಲದ್ದೆಂದು ಪ್ರಚಾರಗೊಂಡು ಬಂದ ಪೂರ್ವಕಥೆಯಾಗಿದ್ದಿತು. ರಸಿಕರಿಗೆ ಇದರಿಂದ ಆಶ್ಚರ್ಯವಾಗಲಿಲ್ಲವೆಂದರೆ ಅವರ ಅನುಭವಕ್ಕೆ ನಾವು ತಲೆಬಾಗಬೇಕು. ಕಚೇರಿಗಳಲ್ಲಿ ನಡೆಯುವುದೂ ಹೀಗೆಯೇ ಎಂದರು. ಫೈಲು ಮುಂದಕ್ಕೆ ಹೋಗಲಿ ಎಂದು ಕೈಮುಗಿದರೆ ಮೂಲ ದಾಖಲೆ ಎಲ್ಲಿ ಎಂದು ಹಿಂದಕ್ಕೆ ಕಳುಹಿಸುವರು. ಅವರಿಗೆ ಅರ್ಥವಾಗದೆ ಉಳಿದದ್ದು ಒಂದೇ: ಕದಂಬರ ಕಾಲದ ಮೂಲ ದಾಖಲೆಯೇ ಬೇಕಾಗಿದ್ದಲ್ಲಿ, ಅದು ಬರೆದವನ ಹೆಸರಿನ ಸಹಿತ ತಾಳಗುಂದದ ಕಂಬದ ಮೇಲೆ ಇದ್ದೇ ಇರುವಾಗ, ಅಷ್ಟು ದುಡ್ಡು ಸುರಿದು ಅದನ್ನು ಬೇರೆ ಕಡೆ ಹುಡುಕಿದ್ದೇಕೆ ಎಂಬುದು.